64 ಜಿಬಿ ಕಾರ್ಡ್‌ನಲ್ಲಿ 59 ಜಿಬಿ ಮಾತ್ರ! ಉಳಿದ ಜಾಗವನ್ನು ಕಂಪನಿ ಕದ್ದಿತೇ?

‘64 ಜಿಬಿ ಅಂತ ದುಡ್ಡು ತಗೊಂಡು 59 ಜಿಬಿ ಕೊಡ್ತಾರೆ. ಉಳಿದ 5 ಜಿಬಿಯನ್ನು ಕಂಪನಿಯವರು ಬಚ್ಚಿಟ್ಟಿರುತ್ತಾರೆ. ಕಾರ್ಡನ್ನು ಒಮ್ಮೆ ಫಾರ್ಮ್ಯಾಟ್ ಮಾಡಿ, ಬಚ್ಚಿಟ್ಟ ಜಾಗ ವಾಪಸ್ ಬರುತ್ತದೆ. ಎಲ್ಲರಿಗೂ ಶೇರ್ ಮಾಡಿ.’

ಇಂಥದ್ದೊಂದು ಸಂದೇಶ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಲ್ಲಿರುವ ನಮ್ಮ ಚಿಕ್ಕಪ್ಪನ ಫೋನಿಗೆ ಬಂದಿತ್ತು. ಅವರು ಮಾವಿನ ತೋಟ ನೋಡಿಕೊಳ್ಳುವವರು. ಮಗನ ಲ್ಯಾಪ್‌ಟಾಪ್‌ಗೆ ಕಾರ್ಡ್ ಹಾಕಿ ನೋಡಿದರೆ ಸಂದೇಶದಲ್ಲಿ ಹೇಳಿದಂತೆಯೇ 59.5 ಜಿಬಿ ಎಂದು ತೋರಿಸಿದೆ. ಅದೂ ಸಾಲದೆಂಬಂತೆ ಅದರೊಳಗಿನ ಒಂದು ಫೋಲ್ಡರ್‌ನ ಗಾತ್ರ 28.1 ಎಂಬಿ ಎಂದಿದ್ದರೆ, ಅದರ ಕೆಳಗಿನ ಸಾಲಿನಲ್ಲಿ ‘ಡಿಸ್ಕ್‌ನಲ್ಲಿ ಗಾತ್ರ’ 150 ಎಂಬಿ ಎಂದಿತ್ತು.

‘ನೋಡಿದ್ಯಾ, ಐದು ಜಿಬಿ ಮೊದಲೇ ತಿಂದ್ಬಿಟ್ಟವ್ರೆ, ಈಗ ಒಳಗಿರೋದನ್ನೂ ತಿಂತಾ ಅವ್ರೆ’ ಎಂದು ಫೋನ್ ಮಾಡಿದರು. ಫಾರ್ಮ್ಯಾಟ್ ಬಟನ್ ಒತ್ತುವುದೊಂದೇ ಬಾಕಿ ಇತ್ತು.

ಆ 28.1 ಎಂಬಿ ಫೋಲ್ಡರ್‌ನಲ್ಲಿ ಇದ್ದದ್ದು ನಮ್ಮ ಅಜ್ಜಿಯ ವಾಯ್ಸ್ ಮೆಸೇಜ್‌ಗಳು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮೈಕ್ ಗುರುತು ಒತ್ತಿ ಹಿಡಿದು ಮಾತಾಡುವುದನ್ನು ಮೊಮ್ಮಗ ಕಲಿಸಿಕೊಟ್ಟ ಮೇಲೆ, ಆಂಧ್ರದ ಗಡಿ ಊರಿನ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ದಿನಕ್ಕೆ ಎರಡು ಮೂರು ಸಲ ಏನಾದರೂ ಹೇಳಿ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವನ್ನೆಲ್ಲ ಹುಡುಕಿ ಒಂದೇ ಕಡೆ ಸೇರಿಸಿಟ್ಟಿದ್ದೆವು. ಒಟ್ಟು 1,200 ತುಣುಕುಗಳು. ಬೇರೆಲ್ಲೂ ಪ್ರತಿ ಇರಲಿಲ್ಲ.

ಹಾಗಾಗಿ ಈ ಸಂದೇಶ ನಿಜವೇ ಎಂಬ ಪ್ರಶ್ನೆಯನ್ನು ನಾವು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಂಡೆವು.

ಒಂದೇ ಮಾತಿನಲ್ಲಿ ಉತ್ತರ

ಕಂಪನಿ ಏನನ್ನೂ ಬಚ್ಚಿಟ್ಟಿಲ್ಲ. 64 ಮತ್ತು 59.6 ಎಂಬುದು ಒಂದೇ ಜಾಗಕ್ಕೆ ಎರಡು ಅಳತೆಯಲ್ಲಿ ಹೇಳುವ ಎರಡು ಸಂಖ್ಯೆಗಳು. ಅದರ ಮೇಲೆ, ಕಡತಗಳ ಲೆಕ್ಕಪತ್ರ ಇಡಲು ಒಂದಿಷ್ಟು ಜಾಗ ಹೋಗುತ್ತದೆ. ಚಿಕ್ಕ ಕಡತಗಳನ್ನು ದೊಡ್ಡ ಖಾನೆಗಳಲ್ಲಿ ಇಡುವುದರಿಂದ ಇನ್ನೊಂದಿಷ್ಟು ಜಾಗ ಹೋಗುತ್ತದೆ. ಇವುಗಳಲ್ಲಿ ಯಾವುದೂ ಫಾರ್ಮ್ಯಾಟ್ ಮಾಡಿದರೆ ವಾಪಸ್ ಬರುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಹೋಗುವುದು ನಿಮ್ಮ ಫೋಟೊ, ವಿಡಿಯೊ ಮಾತ್ರ.

ಈಗ ಒಂದೊಂದಾಗಿ ನೋಡೋಣ.

ಮೊದಲ ಕಾರಣ: ಎರಡು ಬಗೆಯ ಜಿಬಿ

ಕಾರ್ಡ್ ತಯಾರಿಸುವವರ ಲೆಕ್ಕದಲ್ಲಿ 1 ಜಿಬಿ ಎಂದರೆ ಸರಿಯಾಗಿ 100 ಕೋಟಿ ಬೈಟ್. ಕಿಲೋ ಎಂದರೆ ಸಾವಿರ, ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ. ನಾವು ಕಿಲೋಗ್ರಾಂ, ಕಿಲೋಮೀಟರ್ ಎನ್ನುವಾಗ ಬಳಸುವುದೂ ಇದೇ ಲೆಕ್ಕ. ಆದ್ದರಿಂದ 64 ಜಿಬಿ ಕಾರ್ಡ್ ಎಂದರೆ 6,400 ಕೋಟಿ ಬೈಟ್.

ಕಂಪ್ಯೂಟರ್ ಒಳಗೆ ಎಲ್ಲವೂ ಎರಡರ ಮಡಿಗಳಲ್ಲಿ ನಡೆಯುತ್ತದೆ. 2, 4, 8, 16 ಹೀಗೆ ಹತ್ತು ಸಲ ಮಡಿಸಿದರೆ 1,024 ಬರುತ್ತದೆ. ಇದು ಸಾವಿರಕ್ಕೆ ಹತ್ತಿರವಿದ್ದುದರಿಂದ ಹಿಂದಿನವರು 1,024 ಬೈಟನ್ನೇ ಒಂದು ಕಿಲೋಬೈಟ್ ಎಂದು ಕರೆದುಬಿಟ್ಟರು. ಕಿಲೋಬೈಟ್ ಕಾಲದಲ್ಲಿ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟೂ ಇರಲಿಲ್ಲ, ಯಾರಿಗೂ ಅದು ದೊಡ್ಡದೆನಿಸಲಿಲ್ಲ. ಆದರೆ ಮೆಗಾ, ಗಿಗಾ, ಟೆರಾ ಎಂದು ಮೇಲೆ ಹೋದಂತೆ ವ್ಯತ್ಯಾಸವೂ ಬೆಳೆಯುತ್ತದೆ. ವಿಂಡೋಸ್‌ನ ಲೆಕ್ಕದಲ್ಲಿ 1 ಜಿಬಿ ಎಂದರೆ 107,37,41,824 ಬೈಟ್, ಅಂದರೆ ಸುಮಾರು 107.37 ಕೋಟಿ.

ಈಗ 6,400 ಕೋಟಿಯನ್ನು 107.37 ಕೋಟಿಯಿಂದ ಭಾಗಿಸಿ. ಉತ್ತರ 59.6. ಕಾಣೆಯಾಗಿದೆ ಎಂದು ಹೇಳಲಾದ 4.4 ಜಿಬಿ ಇಲ್ಲೇ ಸಿಕ್ಕಿತು.

ಇದೇ ಲೆಕ್ಕದಲ್ಲಿ ವಿಂಡೋಸ್ ಕಂಪ್ಯೂಟರ್ ತೋರಿಸುವ ಅಂದಾಜು ಸಂಖ್ಯೆಗಳು ಹೀಗಿರುತ್ತವೆ:

32 ಜಿಬಿ ಕಾರ್ಡ್: 29.8
64 ಜಿಬಿ ಕಾರ್ಡ್: 59.6
128 ಜಿಬಿ ಕಾರ್ಡ್: 119.2
256 ಜಿಬಿ ಕಾರ್ಡ್: 238.4
1 ಟಿಬಿ ಹಾರ್ಡ್ ಡಿಸ್ಕ್: 931

ಬೆಂಗಳೂರಿಗೆ 100 ಕಿಲೋಮೀಟರ್ ಎಂದು ಒಂದು ಫಲಕ, 62 ಮೈಲಿ ಎಂದು ಇನ್ನೊಂದು ಫಲಕ ಇದ್ದರೆ ರಸ್ತೆಯನ್ನು ಯಾರೂ ಕದ್ದಿಲ್ಲ. ಇಲ್ಲಿನ ತೊಂದರೆ ಏನೆಂದರೆ ಎರಡೂ ಫಲಕಗಳಲ್ಲಿ ‘ಜಿಬಿ’ ಎಂಬ ಒಂದೇ ಹೆಸರು ಬರೆದಿರುವುದು.

ಈ ಗೊಂದಲ ಬಗೆಹರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್ 1998ರಲ್ಲೇ 1,024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಸೂಚಿಸಿತು. ಆದರೆ ಜನರ ಬಾಯಲ್ಲಿ ಅವು ನಿಲ್ಲಲಿಲ್ಲ. ಆ್ಯಪಲ್ ಕಂಪನಿ 2009ರಿಂದ ತನ್ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಸಾವಿರದ ಲೆಕ್ಕಕ್ಕೆ ಬದಲಾಯಿತು. ಆಂಡ್ರಾಯ್ಡ್ ತನ್ನ 8ನೇ ಆವೃತ್ತಿಯಿಂದ ಸಾವಿರದ ಲೆಕ್ಕಕ್ಕೆ ಬಂತು. ವಿಂಡೋಸ್ ಇಂದಿಗೂ 1,024ರ ಲೆಕ್ಕದಲ್ಲೇ ಇದೆ. ಹಾಗಾಗಿ ಅದೇ ಕಾರ್ಡನ್ನು ಹೊಸ ಫೋನಿನಲ್ಲಿ ನೋಡಿದರೆ 64ರ ಹತ್ತಿರ, ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ 59ರ ಹತ್ತಿರ ತೋರಿಸುತ್ತದೆ. ಚಿಕ್ಕಪ್ಪನಿಗೆ ಮೊದಲು ಮಾಡಿಸಿದ್ದು ಈ ಪರೀಕ್ಷೆಯನ್ನೇ. ಕಾರ್ಡನ್ನು ಫೋನಿಗೆ ಹಾಕಿ ಸೆಟ್ಟಿಂಗ್ಸ್‌ನಲ್ಲಿ ನೋಡಿದಾಗ ಕಾಣೆಯಾದ ಜಿಬಿಗಳು ವಾಪಸ್ ಬಂದಿದ್ದವು!

ಇದು ಕೋರ್ಟ್‌ವರೆಗೂ ಹೋಗಿತ್ತು

‘ಗ್ರಾಹಕರಿಗೆ ಕಡಿಮೆ ಜಾಗ ಕೊಡುತ್ತಿದ್ದಾರೆ’ ಎಂಬ ಆರೋಪ ವಾಟ್ಸಾಪ್‌ಗಿಂತ ಹಳೆಯದು. ಅಮೆರಿಕದಲ್ಲಿ ಹಾರ್ಡ್ ಡಿಸ್ಕ್ ತಯಾರಕರಾದ ವೆಸ್ಟರ್ನ್ ಡಿಜಿಟಲ್ ಮತ್ತು ಸೀಗೇಟ್ ವಿರುದ್ಧ ಗ್ರಾಹಕರು ಇದೇ ಕಾರಣಕ್ಕೆ ದಾವೆ ಹೂಡಿದ್ದರು. 2006 ಮತ್ತು 2007ರಲ್ಲಿ ಆ ಕಂಪನಿಗಳು ರಾಜಿ ಮಾಡಿಕೊಂಡವು. ಗ್ರಾಹಕರಿಗೆ ಬ್ಯಾಕಪ್ ಸಾಫ್ಟ್‌ವೇರ್ ಕೊಡುವುದು ಎರಡೂ ರಾಜಿಗಳಲ್ಲಿ ಇತ್ತು.

ಆಮೇಲೆ ಬಂದ ಸ್ಯಾನ್‌ಡಿಸ್ಕ್ ವಿರುದ್ಧದ ದಾವೆಯನ್ನು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 2020ರಲ್ಲಿ ವಜಾ ಮಾಡಿತು. 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಪೊಟ್ಟಣದ ಮೇಲೇ ಅಚ್ಚಾಗಿತ್ತು ಎಂಬುದು ಅಲ್ಲಿ ಮುಖ್ಯವಾಯಿತು. ನಿಮ್ಮ ಕಾರ್ಡ್ ಅಥವಾ ಪೆನ್‌ಡ್ರೈವ್‌ನ ಪೊಟ್ಟಣ ಇನ್ನೂ ಮನೆಯಲ್ಲಿದ್ದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಹೆಸರುವಾಸಿ ಕಂಪನಿಗಳ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಈ ವಾಕ್ಯವೂ, ‘ಬಳಕೆಗೆ ಸಿಗುವ ಜಾಗ ಇದಕ್ಕಿಂತ ಕಡಿಮೆ’ ಎಂಬ ವಾಕ್ಯವೂ ಇರುತ್ತವೆ. ಅಷ್ಟು ಸಣ್ಣ ಅಕ್ಷರದಲ್ಲಿ ಏಕೆ ಅಚ್ಚು ಹಾಕುತ್ತಾರೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಕಳ್ಳತನವಲ್ಲ.

ಎರಡನೇ ಕಾರಣ: ಕಾರ್ಡ್ ಒಳಗಿನ ‘ಖರಾಬು’

ಜಮೀನಿನ ಪಹಣಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ‘ಒಟ್ಟು ವಿಸ್ತೀರ್ಣ’ ಎಂದು ಒಂದು ಸಾಲು, ‘ಫೂಟ್ ಖರಾಬು’ ಎಂದು ಇನ್ನೊಂದು, ಕೊನೆಗೆ ‘ಉಳಿದದ್ದು’ ಎಂದು ಮತ್ತೊಂದು ಸಾಲು ಇರುತ್ತದೆ. ಒಟ್ಟು 4 ಎಕರೆ, ಖರಾಬು 6 ಗುಂಟೆ ಎಂದಿದ್ದರೆ ಉಳಿದದ್ದು 3 ಎಕರೆ 34 ಗುಂಟೆ. ಆ 6 ಗುಂಟೆ ಎಲ್ಲಿಗೂ ಹೋಗಿಲ್ಲ, ನಿಮ್ಮ ಸರ್ವೆ ನಂಬರಿನ ಒಳಗೇ ಇದೆ. ಅಲ್ಲಿ ಬಂಡೆ ಇರಬಹುದು, ದಾರಿ ಇರಬಹುದು, ಹಳ್ಳ ಇರಬಹುದು. ಅಲ್ಲಿ ಮಾವಿನ ಗಿಡ ನೆಡಲಾಗುವುದಿಲ್ಲ, ಅಷ್ಟೇ.

ಮೆಮೊರಿ ಕಾರ್ಡ್ ಒಳಗೂ ಹೀಗೆಯೇ. ನಿಮ್ಮ ಫೋಟೊ ಕಾರ್ಡ್‌ನ ಯಾವ ಮೂಲೆಯಲ್ಲಿದೆ, ಹೆಸರೇನು, ಯಾವ ದಿನಾಂಕದ್ದು, ಎಷ್ಟು ದೊಡ್ಡದು, ಯಾವ ಜಾಗ ಖಾಲಿ ಇದೆ ಎಂದು ಬರೆದಿಡಲು ಒಂದು ಲೆಕ್ಕದ ಪುಸ್ತಕ ಬೇಕು. ಈ ವ್ಯವಸ್ಥೆಗೆ ಫೈಲ್ ಸಿಸ್ಟಂ ಎಂದು ಹೆಸರು. ಪುಸ್ತಕದಲ್ಲಿ ಬರೆದ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ಮಾಹಿತಿಯ ಬಗ್ಗೆ ಇರುವ ಮಾಹಿತಿ ಎಂದು ಅದರ ಅರ್ಥ. ಆ ಪುಸ್ತಕವೂ ಕಾರ್ಡ್ ಒಳಗೇ ಇರಬೇಕಲ್ಲ? ಅದು ಹಿಡಿಯುವ ಜಾಗವೇ ನಿಮ್ಮ ಕಾರ್ಡ್‌ನ ಖರಾಬು.

ಈ ಖರಾಬು ಎಷ್ಟಿರುತ್ತದೆ? ಅದು ಯಾವ ಫೈಲ್ ಸಿಸ್ಟಂ ಎಂಬುದರ ಮೇಲೆ ಹೋಗುತ್ತದೆ.

32 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯೊಂದಿಗೆ ಬರುತ್ತವೆ. 64 ಜಿಬಿ ಕಾರ್ಡನ್ನು ಇದು ಸಾಮಾನ್ಯವಾಗಿ 128 ಕೆಬಿಯ ಖಾನೆಗಳಾಗಿ ಭಾಗ ಮಾಡುತ್ತದೆ. ಅಂಥ ಖಾನೆಗಳು ಸುಮಾರು 4 ಲಕ್ಷ 88 ಸಾವಿರ. ಪ್ರತಿ ಖಾನೆಗೆ ಪಟ್ಟಿಯಲ್ಲಿ 4 ಬೈಟ್. ಒಟ್ಟು ಪಟ್ಟಿಗೆ ಸುಮಾರು 2 ಎಂಬಿ. ಯಾವ ಖಾನೆ ಖಾಲಿ, ಯಾವುದು ಭರ್ತಿ ಎಂಬ ಗುರುತಿಗೆ ಇನ್ನೊಂದು 60 ಕೆಬಿ ಆಸುಪಾಸು. ಅಂದರೆ 64 ಜಿಬಿಯಲ್ಲಿ ಖರಾಬು 2 ಎಂಬಿಗಿಂತ ಸ್ವಲ್ಪ ಹೆಚ್ಚು, ಒಂದು ಫೋಟೊದಷ್ಟು. ಇಲ್ಲಿ ‘ಮೆಟಾಡೇಟಾ 5 ಜಿಬಿ ತಿಂದಿತು’ ಎಂದು ಹೇಳುವವರ ಮಾತೂ ತಪ್ಪೇ.

ಆದರೆ ಎಲ್ಲ ಕಡೆ ಇಷ್ಟು ಕಡಿಮೆ ಇರುವುದಿಲ್ಲ. ಲಿನಕ್ಸ್ ಕಂಪ್ಯೂಟರ್‌ಗಳನ್ನು ತೆಗೆದುಕೊಳ್ಳಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಬಳಸುವುದು ಲಿನಕ್ಸನ್ನೇ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಫೈಲ್ ಸಿಸ್ಟಂ ಇಎಕ್ಸ್‌ಟಿ4. ಇದು ಡಿಸ್ಕನ್ನು ಸಿದ್ಧ ಮಾಡುವಾಗಲೇ, ಮುಂದೆ ಬರಲಿರುವ ಕಡತಗಳಿಗೆಂದು ಲೆಕ್ಕದ ಪುಸ್ತಕದಲ್ಲಿ ಖಾಲಿ ಸಾಲುಗಳನ್ನು ಹಾಕಿಟ್ಟುಬಿಡುತ್ತದೆ. ಸಾಮಾನ್ಯ ಲೆಕ್ಕ ಹೀಗಿದೆ: ಪ್ರತಿ 16 ಕೆಬಿ ಜಾಗಕ್ಕೆ 256 ಬೈಟ್‌ನ ಒಂದು ಸಾಲು. ಅಂದರೆ ಡಿಸ್ಕ್‌ನ 64ರಲ್ಲಿ ಒಂದು ಭಾಗ ಬರೀ ಸಾಲುಗಳಿಗೇ ಹೋಗುತ್ತದೆ.

1 ಟಿಬಿ ಡಿಸ್ಕ್‌ನಲ್ಲಿ ಇದರ ಪರಿಣಾಮ ನೋಡಿ. ಪೊಟ್ಟಣದ ಮೇಲೆ 1,000 ಜಿಬಿ. 1,024ರ ಲೆಕ್ಕಕ್ಕೆ ತಂದರೆ 931. ಸಾಲುಗಳಿಗೆ ಹೋದದ್ದು ಸುಮಾರು 14.5. ಲಿನಕ್ಸ್ ತೋರಿಸುವ ಒಟ್ಟು ಜಾಗ ಸುಮಾರು 916. ಇದರ ಮೇಲೆ, ಡಿಸ್ಕ್ ತುಂಬಿ ಕಂಪ್ಯೂಟರ್ ನಿಂತುಹೋಗದಿರಲಿ ಎಂದು ನೂರಕ್ಕೆ ಐದರಷ್ಟು ಜಾಗವನ್ನು ವ್ಯವಸ್ಥೆಗೇ ಮೀಸಲಿಡುತ್ತಾರೆ. ಕೊನೆಗೆ ನಿಮ್ಮ ಬಳಕೆಗೆ ಸಿಗುವುದು ಸುಮಾರು 870. ಒಂದು ಕಡತವನ್ನೂ ಹಾಕದ ಹೊಚ್ಚ ಹೊಸ ಡಿಸ್ಕ್‌ನ ಕಥೆ ಇದು.

ಇನ್ನೊಂದು ಸ್ವಾರಸ್ಯವಿದೆ. ಇಎಕ್ಸ್‌ಟಿ4 ಸಾಮಾನ್ಯವಾಗಿ ಖರಾಬನ್ನು ಮೊದಲೇ ಕಳೆದು ಒಟ್ಟು ಜಾಗ ಹೇಳುತ್ತದೆ. ಕಳೆಯದೆ ಹೇಳು ಎಂದು ಅದಕ್ಕೆ ಸೂಚಿಸುವ ಆಯ್ಕೆಯೂ ಇದೆ. ಆಗ ಅದೇ ಡಿಸ್ಕ್, ಅದೇ ಕಡತಗಳು, ಆದರೆ ಬೇರೆ ಸಂಖ್ಯೆ! ಪರದೆಯ ಮೇಲೆ ಕಾಣುವ ‘ಒಟ್ಟು ಜಾಗ’ ಎಂಬುದು ಯಾರೋ ಬರೆದ ಲೆಕ್ಕದ ನಿಯಮದಿಂದ ಬಂದದ್ದು ಎಂಬುದು ಇದರಿಂದ ತಿಳಿಯುತ್ತದೆ. ಅಷ್ಟೇ ಅಲ್ಲ, ಲೆಕ್ಕದ ಪುಸ್ತಕದ ಸಾಲುಗಳು ಮುಗಿದುಹೋದರೆ ಡಿಸ್ಕ್‌ನಲ್ಲಿ ಜಾಗ ಇದ್ದರೂ ಹೊಸ ಕಡತ ಇಡಲಾಗುವುದಿಲ್ಲ. ‘ಜಾಗವಿಲ್ಲ’ ಎಂದೇ ಉತ್ತರ ಬರುತ್ತದೆ.

ಮೂರನೇ ಕಾರಣ: ಎರಡು ಕೆಜಿ ಟೊಮೆಟೊಗೂ ಒಂದು ಬಾಕ್ಸ್

ಹಾಗಾದರೆ ಅಜ್ಜಿಯ 28.1 ಎಂಬಿ ಮಾತುಗಳು 150 ಎಂಬಿ ಆದದ್ದು ಹೇಗೆ? ಚಿಕ್ಕಪ್ಪನಿಗೆ ಹೆಚ್ಚು ಸಿಟ್ಟು ಬಂದಿದ್ದು ಇದಕ್ಕೇ.

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ 15 ಕೆಜಿ ಬಾಕ್ಸ್‌ಗಳಲ್ಲಿ ಬರುವುದು ನಿಮಗೆ ಗೊತ್ತು. ಒಬ್ಬ ರೈತನ ಹಣ್ಣು ಇನ್ನೊಬ್ಬನ ಬಾಕ್ಸ್‌ಗೆ ಬೆರೆಯಬಾರದು ಎಂಬ ನಿಯಮ ಇದೆ ಎಂದುಕೊಳ್ಳಿ. ಒಬ್ಬ ಎರಡೇ ಕೆಜಿ ತಂದರೂ ಅವನಿಗೆ ಒಂದು ಪೂರ್ತಿ ಬಾಕ್ಸ್ ಕೊಡಬೇಕು. ಲಾರಿಯಲ್ಲಿ ಆ ಬಾಕ್ಸ್ ಹಿಡಿಯುವ ಜಾಗ ತುಂಬಿದ ಬಾಕ್ಸ್‌ನಷ್ಟೇ. ಇಂಥ ನೂರು ಜನ ಬಂದರೆ ಇನ್ನೂರು ಕೆಜಿ ಹಣ್ಣಿಗೆ ನೂರು ಬಾಕ್ಸ್ ಹೋಯಿತು. ಲಾರಿ ಭರ್ತಿ, ತೂಕ ಮಾತ್ರ ಇಲ್ಲ.

ಮೆಮೊರಿ ಕಾರ್ಡ್‌ನ ಖಾನೆಗಳಿಗೂ ಇದೇ ನಿಯಮ. ಒಂದು ಖಾನೆಯಲ್ಲಿ ಎರಡು ಕಡತಗಳನ್ನು ಇಡುವುದಿಲ್ಲ. ಕಡತ ಎಷ್ಟೇ ಚಿಕ್ಕದಿರಲಿ, ಕನಿಷ್ಠ ಒಂದು ಖಾನೆ ಅದಕ್ಕೆ ಮೀಸಲು.

ನೀವೇ ಪರೀಕ್ಷಿಸಬಹುದಾದ ಒಂದು ಉದಾಹರಣೆ ಇಲ್ಲಿದೆ. ‘ರಾಯಲ್ಪಾಡು’ ಎಂಬ ಒಂದೇ ಪದವನ್ನು ಬರೆದು ಕಡತವಾಗಿ ಉಳಿಸಿ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ, ಒತ್ತಕ್ಷರ ಮಾಡುವ ಹಲಂತಕ್ಕೂ ಯುಟಿಎಫ್-8 ಪದ್ಧತಿಯಲ್ಲಿ ತಲಾ 3 ಬೈಟ್ ಬೇಕು. ಈ ಪದದಲ್ಲಿ ಅಂಥ ಗುರುತುಗಳು 9. ಒಟ್ಟು 27 ಬೈಟ್. ಈ ಕಡತವನ್ನು 64 ಜಿಬಿ ಕಾರ್ಡ್‌ಗೆ ಹಾಕಿದರೆ ಅದು ಹಿಡಿಯುವ ಜಾಗ 128 ಕೆಬಿ, ಅಂದರೆ 1,31,072 ಬೈಟ್. ಇದರ ಹೆಸರು, ದಿನಾಂಕ, ವಿಳಾಸವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಎಕ್ಸ್‌ಫ್ಯಾಟ್‌ಗೆ ಕನಿಷ್ಠ 96 ಬೈಟ್ ಬೇಕು. ಒಳಗಿನ ಒಕ್ಕಣೆಗಿಂತ ಮೇಲಿನ ವಿಳಾಸವೇ ಮೂರು ಪಟ್ಟಿಗಿಂತ ದೊಡ್ಡದು!

ಈಗ ಅಜ್ಜಿಯ ವಾಯ್ಸ್ ಮೆಸೇಜ್‌ಗಳಿಗೆ ಬರೋಣ. ‘ಮಳೆ ಬಂತಾ’, ‘ಊಟ ಆಯ್ತಾ’, ‘ಯಾವಾಗ ಬರ್ತೀಯ’ ಎಂಬಂಥ ಚಿಕ್ಕ ಚಿಕ್ಕ ಮಾತುಗಳು. ಒಂದೊಂದು ಸರಾಸರಿ 24 ಕೆಬಿ. ಅಂಥವು 1,200. ಒಟ್ಟು 28.1 ಎಂಬಿ. ಆದರೆ ಒಂದೊಂದಕ್ಕೂ 128 ಕೆಬಿಯ ಒಂದೊಂದು ಖಾನೆ. 1,200 ಖಾನೆ ಎಂದರೆ ಸರಿಯಾಗಿ 150 ಎಂಬಿ. ಉಳಿದ 122 ಎಂಬಿ ಆ ಬಾಕ್ಸ್‌ಗಳೊಳಗಿನ ಖಾಲಿ ಜಾಗ. ಇಷ್ಟೂ ಕಡತಗಳ ಹೆಸರು, ವಿಳಾಸ ಬರೆಯಲು ಹೋದದ್ದು ಕೇವಲ 150 ಕೆಬಿ.

ಎರಡು ಸಂಖ್ಯೆಗಳೂ ಸರಿ. ‘ಗಾತ್ರ’ ಎಂಬುದು ಹಣ್ಣಿನ ತೂಕ. ‘ಡಿಸ್ಕ್‌ನಲ್ಲಿ ಗಾತ್ರ’ ಎಂಬುದು ಲಾರಿಯಲ್ಲಿ ಬಾಕ್ಸ್‌ಗಳು ಹಿಡಿದ ಜಾಗ.

ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳ ಲೆಕ್ಕ

ಇದು ಅಜ್ಜಿಯ ಮಾತಿಗಷ್ಟೇ ಅಲ್ಲ, ನಾವು ನೀವು ಕಳಿಸುವ ಸ್ಟಿಕರ್, ಶುಭೋದಯದ ಚಿತ್ರಗಳಿಗೂ ಅನ್ವಯಿಸುತ್ತದೆ. ಫೋನಿನ ಒಳಗಿನ ಸ್ಟೋರೇಜ್‌ನಲ್ಲಿ ಖಾನೆಗಳು ಸಾಮಾನ್ಯವಾಗಿ 4 ಕೆಬಿಯಷ್ಟು ಚಿಕ್ಕವು. ಅಲ್ಲಿ ವ್ಯರ್ಥವಾಗುವುದು ಕಡಿಮೆ. ಆದರೆ ‘ಫೋನ್ ತುಂಬಿತು’ ಎಂದು ಆ ಫೋಲ್ಡರನ್ನು ಹಾಗೇ ಎತ್ತಿ ಮೆಮೊರಿ ಕಾರ್ಡ್‌ಗೆ ಹಾಕಿದಾಗ ಲೆಕ್ಕ ಬದಲಾಗುತ್ತದೆ. ತಲಾ 20 ಕೆಬಿಯ 10,000 ಸ್ಟಿಕರ್‌ಗಳು ಇದ್ದರೆ ಅವುಗಳ ನಿಜ ಗಾತ್ರ ಸುಮಾರು 200 ಎಂಬಿ. ಕಾರ್ಡ್‌ನಲ್ಲಿ ಅವು ಹಿಡಿಯುವುದು ಸುಮಾರು 1.3 ಜಿಬಿ. ಆರು ಪಟ್ಟಿಗೂ ಹೆಚ್ಚು.

ಒಂದು ಸಿನಿಮಾ ಅಥವಾ ಮದುವೆ ವಿಡಿಯೊದಂಥ ದೊಡ್ಡ ಕಡತಕ್ಕೆ ಈ ತೊಂದರೆ ಇಲ್ಲ. ಅದರ ಕೊನೆಯ ಒಂದು ಖಾನೆಯಲ್ಲಿ ಮಾತ್ರ ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ.

ಫೋನಿನಲ್ಲಿ ‘ಸಿಸ್ಟಂ’ ಅಷ್ಟೊಂದು ತಿನ್ನುವುದೇಕೆ?

128 ಜಿಬಿ ಫೋನ್ ಕೊಂಡು ಮೊದಲ ದಿನವೇ ಸೆಟ್ಟಿಂಗ್ಸ್ ತೆರೆದರೆ ‘ಸಿಸ್ಟಂ’ ಹೆಸರಿನಲ್ಲಿ ಹಲವು ಜಿಬಿ ಹೋಗಿರುವುದು ಕಾಣುತ್ತದೆ. ಅದರಲ್ಲಿ ಆಂಡ್ರಾಯ್ಡ್ ಮತ್ತು ಕಂಪನಿಯ ಆ್ಯಪ್‌ಗಳು ಹಿಡಿದಿರುವ ಜಾಗವಿದೆ. ಆದರೆ ಇನ್ನೊಂದು ವಿಷಯವೂ ಇದೆ. ಆಂಡ್ರಾಯ್ಡ್ ಒಟ್ಟು ಜಾಗವನ್ನು 64, 128, 256 ಹೀಗೆ ಪೊಟ್ಟಣದ ಮೇಲಿನ ಸಂಖ್ಯೆಗೆ ಹೊಂದುವಂತೆ ದುಂಡಾಗಿಸಿ ಹೇಳುತ್ತದೆ. ಹಲವು ಫೋನ್‌ಗಳಲ್ಲಿ ನಿಮ್ಮ ಆ್ಯಪ್, ಫೋಟೊ, ಖಾಲಿ ಜಾಗವನ್ನು ಆ ಸಂಖ್ಯೆಯಿಂದ ಕಳೆದು ಉಳಿದದ್ದಕ್ಕೆಲ್ಲ ‘ಸಿಸ್ಟಂ’ ಎಂದು ಹೆಸರಿಡುತ್ತದೆ. ಫೈಲ್ ಸಿಸ್ಟಂನ ಲೆಕ್ಕದ ಪುಸ್ತಕ, ಮೀಸಲು ಜಾಗ, ದುಂಡಾಗಿಸುವಾಗ ಬಂದ ವ್ಯತ್ಯಾಸ ಎಲ್ಲವೂ ಆ ಒಂದೇ ಚೀಲಕ್ಕೆ ಬೀಳುತ್ತವೆ. ಅದನ್ನು ‘ಕ್ಲೀನ್’ ಮಾಡಿಕೊಡುತ್ತೇವೆ ಎನ್ನುವ ಆ್ಯಪ್‌ಗಳು ಆ ಜಾಗವನ್ನು ಮುಟ್ಟಲಾರವು.

ಫೋಟೊ ಅಳಿಸಿದರೂ ಜಾಗ ಹೆಚ್ಚಲಿಲ್ಲ ಎಂಬ ದೂರೂ ಸಾಮಾನ್ಯ. ಗ್ಯಾಲರಿ ಆ್ಯಪ್‌ಗಳು ಅಳಿಸಿದ ಫೋಟೊವನ್ನು ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲಿ ಇಟ್ಟಿರುತ್ತವೆ. ಬುಟ್ಟಿ ಖಾಲಿ ಮಾಡುವವರೆಗೂ ಜಾಗ ಬಿಡುಗಡೆ ಆಗುವುದಿಲ್ಲ.

ಹಾಗಾದರೆ ನಿಜವಾದ ಮೋಸ ಎಲ್ಲಿದೆ?

ಮೋಸ ಇಲ್ಲವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅದು ಬೇರೆ ಕಡೆ ಇದೆ. ಕೆಲವು ನೂರು ರೂಪಾಯಿಗೆ 1 ಟಿಬಿ, 2 ಟಿಬಿ ಪೆನ್‌ಡ್ರೈವ್ ಎಂದು ಮಾರುವ ಜಾಹೀರಾತುಗಳನ್ನು ನೀವು ನೋಡಿರಬಹುದು. ಇಂಥ ನಕಲಿ ಮಾಲಿನ ಒಳಗೆ ನಿಜವಾಗಿ ಇರುವುದು ಕೆಲವೇ ಜಿಬಿ. ಆದರೆ ಅದರೊಳಗಿನ ನಿಯಂತ್ರಕ ಚಿಪ್‌ಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಕಂಪ್ಯೂಟರ್ ಕೇಳಿದರೆ ಅದು 2 ಟಿಬಿ ಇದೆ ಎನ್ನುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಲೆಕ್ಕದ ಪುಸ್ತಕವನ್ನೂ ಅಷ್ಟಕ್ಕೇ ಬರೆಯುತ್ತದೆ.

ನೀವು ಫೋಟೊ ಹಾಕುತ್ತಾ ಹೋಗುತ್ತೀರಿ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಕಡತದ ಹೆಸರು, ದಿನಾಂಕ, ಗಾತ್ರ ಎಲ್ಲವೂ ಪಟ್ಟಿಯಲ್ಲಿ ಸರಿಯಾಗಿ ಕಾಣುತ್ತವೆ. ತೆರೆದರೆ ಒಳಗೆ ಏನೂ ಇಲ್ಲ. ಪಹಣಿಯಲ್ಲಿ 4 ಎಕರೆ, ಹೋಗಿ ನೋಡಿದರೆ ನಾಲ್ಕು ಗುಂಟೆ ಎನ್ನುವಂಥ ಮೋಸ ಇದು. ಗೊತ್ತಾಗುವ ಹೊತ್ತಿಗೆ ಮಗುವಿನ ನಾಮಕರಣದ ವಿಡಿಯೊ ಹೋಗಿರುತ್ತದೆ.

ಗಮನಿಸಿ: ನಕಲಿ 64 ಜಿಬಿ ಕಾರ್ಡ್ ಕೂಡ ‘59.6’ ಎಂದೇ ತೋರಿಸಬಲ್ಲದು. ಹಾಗಾಗಿ ಪರದೆಯ ಸಂಖ್ಯೆ ನೋಡಿ ಅಸಲಿ ನಕಲಿ ಹೇಳಲಾಗುವುದಿಲ್ಲ. ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನು ವಾಪಸ್ ಓದಿ ನೋಡಬೇಕು. ಈ ಕೆಲಸಕ್ಕೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಹೊಸ ಕಾರ್ಡ್ ಕೊಂಡ ದಿನವೇ, ಏನನ್ನೂ ಹಾಕುವ ಮೊದಲೇ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಫಾರ್ಮ್ಯಾಟ್ ಮಾಡಿದರೆ ಏನಾಗುತ್ತದೆ?

ಸಾಮಾನ್ಯ ಕ್ವಿಕ್ ಫಾರ್ಮ್ಯಾಟ್ ಮಾಡುವುದು ಒಂದೇ ಕೆಲಸ: ಹಳೆಯ ಲೆಕ್ಕದ ಪುಸ್ತಕವನ್ನು ಎಸೆದು ಹೊಸದನ್ನು ಇಡುವುದು. ಅಳತೆಯ ವ್ಯತ್ಯಾಸ ಹಾಗೇ ಇರುತ್ತದೆ. ಹೊಸ ಪುಸ್ತಕಕ್ಕೂ ಅಷ್ಟೇ ಜಾಗ ಬೇಕು. ಆದ್ದರಿಂದ ‘ಬಚ್ಚಿಟ್ಟ ಜಾಗ ವಾಪಸ್ ಬರುತ್ತದೆ’ ಎಂಬುದು ಸಂಪೂರ್ಣ ಸುಳ್ಳು.

ಈ ಹಿಂದೆಯೇ ಇಂಥ ಸಂದೇಶ ನಂಬಿ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ ಗಾಬರಿಯಾಗಬೇಡಿ. ಪುಸ್ತಕ ಹೋದರೂ ಖಾನೆಗಳ ಒಳಗಿನದು ಮೆಮೊರಿ ಕಾರ್ಡ್‌ಗಳಲ್ಲಿ ಅನೇಕ ಸಲ ಇನ್ನೂ ಉಳಿದಿರುತ್ತದೆ. ತಕ್ಷಣ ಕಾರ್ಡನ್ನು ಫೋನಿನಿಂದ ತೆಗೆಯಿರಿ. ಒಂದು ಹೊಸ ಫೋಟೊವನ್ನೂ ಅದಕ್ಕೆ ಹಾಕಬೇಡಿ, ಹೊಸದು ಹಳೆಯದರ ಮೇಲೆ ಕೂರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ, ಗೊತ್ತಿರುವವರ ಸಹಾಯದಿಂದ ವಾಪಸ್ ಪಡೆಯಲು ಪ್ರಯತ್ನಿಸಬಹುದು. ಆದರೆ ಕಡತಗಳ ಹೆಸರುಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಅವು ಆ ಪುಸ್ತಕದಲ್ಲಿದ್ದವು.

ಹಾಗೆಯೇ, ಫೋನ್ ಕೆಲಸ ಮಾಡುತ್ತಿರುವಾಗಲೇ ಕಾರ್ಡ್ ಎಳೆದು ತೆಗೆದರೆ ಈ ಪುಸ್ತಕ ಅರ್ಧ ಬರೆದಂತೆ ಉಳಿದು ‘ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಲೇ?’ ಎಂದು ಫೋನ್ ಕೇಳಬಹುದು. ಆಗ ಸರಿ ಎಂದು ಒತ್ತಬೇಡಿ. ಮೊದಲು ಕಂಪ್ಯೂಟರ್‌ಗೆ ಹಾಕಿ, ಸಿಕ್ಕಷ್ಟನ್ನು ಪ್ರತಿ ಮಾಡಿಕೊಳ್ಳಿ.

ಜಾಗ ನಿಜವಾಗಿಯೂ ಬೇಕಿದ್ದರೆ ಏನು ಮಾಡಬೇಕು?

1. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆಯ ಭಾಗಕ್ಕೆ ಹೋಗಿ. 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಅಳಿಸಲು ಅಲ್ಲಿಂದ ಶುರು ಮಾಡಿ.

2. ಸಾವಿರಾರು ಚಿಕ್ಕ ಕಡತಗಳನ್ನು ಕಾರ್ಡ್‌ನಲ್ಲಿ ಇಡಬೇಕಿದ್ದರೆ ಅವನ್ನು ಒಂದು ಜಿಪ್ ಕಡತವಾಗಿ ಕಟ್ಟಿ ಇಡಿ. ಎಲ್ಲರ ಹಣ್ಣನ್ನೂ ಒತ್ತಾಗಿ ತುಂಬಿದಂತೆ ಆಗುತ್ತದೆ. ಆದರೆ ಒಂದು ಜಿಪ್ ಕೆಟ್ಟರೆ ಒಳಗಿನವೂ ಕೆಡಬಹುದು. ಆದ್ದರಿಂದ ಎರಡು ಪ್ರತಿ ಕಡ್ಡಾಯ.

3. ಗ್ಯಾಲರಿಯ ಕಸದ ಬುಟ್ಟಿ ಖಾಲಿ ಮಾಡಿ. ಮೊದಲು ಒಳಗೆ ಏನಿದೆ ಎಂದು ನೋಡಿಕೊಳ್ಳಿ.

4. ಮತ್ತೆ ಸಿಗಲಾರದ್ದನ್ನು ಒಂದೇ ಕಾರ್ಡ್‌ನಲ್ಲಿ ಇಡಬೇಡಿ. ಕಾರ್ಡ್‌ಗಳಿಗೂ ಆಯಸ್ಸು ಇದೆ.

ಅಜ್ಜಿಯ ಮಾತುಗಳ ಪ್ರತಿಗಳು ಈಗ ಮೂರು ಕಡೆ ಇವೆ: ಚಿಕ್ಕಪ್ಪನ ಕಾರ್ಡ್‌ನಲ್ಲಿ, ಮಗನ ಲ್ಯಾಪ್‌ಟಾಪ್‌ನಲ್ಲಿ, ನಮ್ಮ ಬಳಿ ಒಂದು. ಜಿಪ್ ಮಾಡಿದ ಮೇಲೆ ಅದು 28 ಎಂಬಿ ಆಸುಪಾಸಿಗೆ ಇಳಿಯಿತು. ‘ನೂರಿಪ್ಪತ್ತು ಎಂಬಿ ಉಳೀತಲ್ಲ’ ಎಂದರು ಚಿಕ್ಕಪ್ಪ. ಫಾರ್ವರ್ಡ್ ಬಂದಿದ್ದ ಗುಂಪಿಗೆ ಏನೆಂದು ಉತ್ತರ ಹಾಕಲಿ ಎಂದೂ ಕೇಳಿದರು. ನಾವು ಬರೆದುಕೊಟ್ಟದ್ದು ಇದು. ನಿಮ್ಮ ಗುಂಪಿನಲ್ಲಿ ಆ ಸಂದೇಶ ಬಂದರೆ ನೀವೂ ಹಾಕಬಹುದು:

‘64 ಜಿಬಿ ಕಾರ್ಡ್ ಕಂಪ್ಯೂಟರ್‌ನಲ್ಲಿ 59.6 ಎಂದು ಕಾಣುವುದು ಅಳತೆಯ ವ್ಯತ್ಯಾಸ, ಕಳ್ಳತನವಲ್ಲ. ಫಾರ್ಮ್ಯಾಟ್ ಮಾಡಿದರೆ ಜಾಗ ಬರುವುದಿಲ್ಲ, ಇರುವ ಫೋಟೊ ಹೋಗುತ್ತದೆ. ಅತಿ ಅಗ್ಗದ 1 ಟಿಬಿ, 2 ಟಿಬಿ ಪೆನ್‌ಡ್ರೈವ್ ಬಗ್ಗೆ ಎಚ್ಚರ. ಮುಖ್ಯವಾದದ್ದನ್ನು ಎರಡು ಕಡೆ ಇಡಿ.’

ನಮ್ಮ ತೀರ್ಮಾನ: 64 ಜಿಬಿ ಕಾರ್ಡ್‌ನಲ್ಲಿ ಕಂಪನಿ ಜಾಗ ಬಚ್ಚಿಡುತ್ತದೆ ಎಂಬುದು ಸುಳ್ಳು. ಫಾರ್ಮ್ಯಾಟ್ ಮಾಡಿದರೆ ಆ ಜಾಗ ವಾಪಸ್ ಬರುತ್ತದೆ ಎಂಬುದು ಸುಳ್ಳು ಮತ್ತು ಅಪಾಯಕಾರಿ.